ಎಲ್‌ಇಡಿ ಟಿವಿಯೊಳಗ ಹೌಸ್ ಆಫ್ ದಿ ಡೆಡ್: ಗನ್ ಗುರೀನೇ ಹಿಡಿಯವಲ್ದು, ಏನ್ ಮಾಡ್ಲಿ?

ಗವಿಮಠ ರಸ್ತೆ (ಕೊಪ್ಪಳ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಕಾಕಾ ಮಸ್ಕತ್‌ನಾಗ ಕೆಲಸಕ್ಕಿದ್ದಾಗ ತಂದ ಡ್ರೀಮ್‌ಕಾಸ್ಟ್ ಅನ್ನೋ ವಿಡಿಯೋ ಗೇಮ್ ಕನ್ಸೋಲ್ ಇನ್ನೂ ನಮ್ಮನ್ಯಾಗ ಐತಿ. ಅದರ ಜೋಡಿ ಒಂದು ಗನ್ನು, ಎದ್ದು ಬರೋ ಹೆಣಗಳಿಗೆ ಗುಂಡು ಹೊಡಿಯೋ ‘ದಿ ಹೌಸ್ ಆಫ್ ದಿ ಡೆಡ್ 2’ ಆಟದ ಡಿಸ್ಕು. ಸಣ್ಣಾವರಿದ್ದಾಗ ಡಬ್ಬಿ ಟಿವಿ ಮುಂದ ನಾನು, ನಮ್ಮ ದೊಡ್ಡಪ್ಪನ ಮಗ ಕುಂತು ಆಡತಿದ್ವಿ. ಒಬ್ಬ ಗನ್ನು, ಇನ್ನೊಬ್ಬ ಪ್ಯಾಡು.

ಈ ಸಲ ಜಾತ್ರಿಗೆ ಎಲ್ಲಾರೂ ಊರಿಗೆ ಬರಾಕತ್ತಾರ. ಅಣ್ಣ ಪುಣೆಯಿಂದ ಬರ್ತಾನ. ಅದಕ್ಕ ಅಟ್ಟದ ಮ್ಯಾಲಿಂದ ಇಳಿಸಿ, ಒರೆಸಿ, 43 ಇಂಚಿನ ಎಲ್‌ಇಡಿಗೆ ಹಚ್ಚೀನಿ. ಚಿತ್ರ ಬರ್ತೈತಿ, ಸೌಂಡ್ ಬರ್ತೈತಿ, ಪ್ಯಾಡ್ ಹಿಡಿದ್ರ ಆಟಾನೂ ನಡೀತೈತಿ. ಗನ್ ಹಿಡಿದು ಟ್ರಿಗರ್ ಒತ್ತಿದ್ರ ಪರದಿ ಬೆಳ್ಳಗ ಮಿಂಚ್ತೈತಿ, ಗುಂಡು ಎಲ್ಲಿಗೂ ಹತ್ತಂಗಿಲ್ಲ. ಗನ್ ಕೆಟ್ಟೈತೋ, ಟಿವಿ ಸೆಟ್ಟಿಂಗ್ ಏನಾರ ಬದಲಿ ಮಾಡಬೇಕೋ?

ಪ್ಯಾಡಿನಾಗ ಆಡ್ರಿ ಅಂತ ಮಾತ್ರ ಹೇಳಬ್ಯಾಡ್ರಿ. ನಮ್ಮಣ್ಣ ಜಾತ್ರ್ಯಾಗ ಬಲೂನ್ ಹೊಡಿಯಾಕ ನಿಂತ್ರ ಒಂದೂ ತಪ್ಪಸಂಗಿಲ್ಲ. ಅವಗ ಗುರಿ ಇಡೋದೇ ಆಟ.

ಪಿಕ್ಚರ್ ಟ್ಯೂಬ್ (ಬಳ್ಳಾರಿ)

ತಮ್ಮಾ, ನಿನ್ನ ಗನ್ ಕೆಟ್ಟಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಬೆಳ್ಳಗೆ ಮಿಂಚ್ತು ಅಂದ್ರೆ ಕನ್ಸೋಲಿಗೆ ಸಿಗ್ನಲ್ ಹೋಗ್ತಾ ಐತೆ ಅಂತಾನೇ ಅರ್ಥ. ಟಿವಿನೂ ಕೆಟ್ಟಿಲ್ಲ. ಈ ಎರಡು ಒಂದಕ್ಕೊಂದು ಕೂಡೋ ಸಾಮಾನೇ ಅಲ್ಲ.

ಬಳ್ಳಾರಿಯಾಗೆ ಟಿವಿ ರಿಪೇರಿ ಮಾಡ್ಕೊಂಡು ಬಂದವನು ನಾನು, ಪಿಕ್ಚರ್ ಟ್ಯೂಬಿನ ಕಾಲದಿಂದ. ಗನ್ನಿಂದ ಟಿವಿಗೆ ಏನೋ ಕಿರಣ ಹೋಗುತ್ತೆ ಅಂತ ಬಹಳ ಜನ ತಿಳ್ಕೊಂಡಿರ್ತಾರೆ. ಗನ್ನಿಂದ ಏನೂ ಹೊರಗೆ ಬರೋದಿಲ್ಲ. ಗನ್ನಿನ ನಳಿಗೆಯೊಳಗೆ ಒಂದು ಲೆನ್ಸು, ಅದರ ಹಿಂದೆ ಬೆಳಕು ಗುರುತಿಸೋ ಒಂದು ಸಣ್ಣ ಸೆನ್ಸರ್. ಅದು ಬರೀ ನೋಡ್ತದೆ.

ಏನು ನೋಡ್ತದೆ ಅಂದ್ರೆ: ಡಬ್ಬಿ ಟಿವಿಯಾಗೆ ಇಡೀ ಚಿತ್ರ ಒಂದೇ ಸಲಕ್ಕೆ ಮೂಡೋದಿಲ್ಲ. ಟ್ಯೂಬಿನ ಹಿಂದಿನಿಂದ ಎಲೆಕ್ಟ್ರಾನ್ ಕಿರಣ ಬಂದು ಪರದೆಗೆ ಬಡೀತದೆ, ಬಡಿದಲ್ಲಿ ಒಂದು ಚುಕ್ಕಿ ಹೊಳೀತದೆ. ಆ ಚುಕ್ಕಿ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡ್ತಾ ಓಡ್ತಾ ಚಿತ್ರ ಬರೀತದೆ. ನಮ್ಮ ದೇಶದಾಗೆ ಇದ್ದ ಪಾಲ್ ಅನ್ನೋ ಟಿವಿ ಪದ್ಧತಿಯಾಗೆ ಒಂದು ಚಿತ್ರಕ್ಕೆ 625 ಗೆರೆ. ಒಂದು ಗೆರೆ ಎಳೆಯೋಕೆ ಸೆಕೆಂಡಿನ 10 ಲಕ್ಷ ಭಾಗದಾಗೆ 64 ಭಾಗ. ಸೆಕೆಂಡಿಗೆ 50 ಸಲ ಕಿರಣ ಮೇಲಿಂದ ಕೆಳಗೆ ಇಳೀತದೆ, ಒಂದು ಸಲಕ್ಕೆ ಅರ್ಧ ಗೆರೆಗಳು. ನೀನು ಗನ್ನು ಹಿಡಿದ ಜಾಗದ ಮೇಲೆ ಚುಕ್ಕಿ ಹಾದುಹೋದ ಕ್ಷಣಕ್ಕೆ ಸೆನ್ಸರ್ ‘ಕಂಡೆ’ ಅಂತ ಹೇಳ್ತದೆ. ಆ ಕ್ಷಣದಾಗೆ ಕಿರಣ ಎಷ್ಟನೇ ಗೆರೆಯಾಗೆ, ಗೆರೆಯಾಗೆ ಎಷ್ಟು ದೂರ ಇತ್ತು ಅಂತ ಕನ್ಸೋಲ್ ಲೆಕ್ಕ ಹಾಕ್ತದೆ. ಅದೇ ನಿನ್ನ ಗುಂಡು ಬಿದ್ದ ಜಾಗ. ಕತ್ತಲೆ ದೃಶ್ಯದಾಗೆ ಸೆನ್ಸರಿಗೆ ಬೆಳಕು ಸಾಲದು ಅಂತಲೇ ಟ್ರಿಗರ್ ಒತ್ತಿದಾಗ ಬಿಳಿ ಮಿಂಚು ಕೊಡ್ತಾರೆ.

ಎಲ್‌ಇಡಿ ಟಿವಿಯಾಗೆ ಓಡೋ ಚುಕ್ಕಿನೇ ಇಲ್ಲ. ಹಿಂದಿನ ದೀಪ ಸದಾ ಉರೀತಿರ್ತದೆ. ಟಿವಿ ಚಿತ್ರವನ್ನ ಒಳಗೆ ತಗೊಂಡು, ದೊಡ್ಡದು ಮಾಡಿ, ತಡವಾಗಿ ತೋರಿಸ್ತದೆ. ಕನ್ಸೋಲಿನ ಲೆಕ್ಕಕ್ಕೂ ಪರದೆಯ ಬೆಳಕಿಗೂ ತಾಳೆ ಇಲ್ಲ. ಯಾವ ಸೆಟ್ಟಿಂಗಿನಿಂದಲೂ ಇದು ಸರಿಹೋಗೋದಿಲ್ಲ, ಅದಕ್ಕೆ ಸಮಯ ಹಾಳು ಮಾಡ್ಕೋಬೇಡ.

ನಿನ್ನ ಗನ್ನಿಗೆ ಬೇಕಾಗಿರೋದು 21 ಇಂಚಿನ ಹಳೇ ಡಬ್ಬಿ ಟಿವಿ. ಗುಜರಿ ಅಂಗಡಿಯಾಗೆ, ಊರ ಕಡೆ ಮನೆಗಳಾಗೆ ಇನ್ನೂ ಸಿಗ್ತಾವೆ. ತಗೊಳ್ಳೋಕೆ ಮೊದಲು ಹಚ್ಚಿ ನೋಡು: ಚಿತ್ರ ಬೆಳಕಾಗಿ ಬರಬೇಕು, ಮೂಲೆಗಳಾಗೆ ಬಣ್ಣ ಕಲೆಸಿರಬಾರದು. ಮಂಕಾದ ಟ್ಯೂಬಿನಾಗೆ ಗನ್ ಓದೋದಿಲ್ಲ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಕೆಟ್ಟ ಟಿವಿ ಸಿಕ್ತು ಅಂತ ಹಿಂದಿನ ಮುಚ್ಚಳ ನೀನೇ ಬಿಚ್ಚಬೇಡ. ಟ್ಯೂಬಿನ ನೆತ್ತಿಗೆ ಹೋಗೋ ಕೆಂಪು ವೈರಿನಾಗೆ 20 ಸಾವಿರ ವೋಲ್ಟಿಗಿಂತ ಹೆಚ್ಚು ಇರ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ನಿಂತಿರ್ತದೆ.

ತೋರಣಗಲ್ಲು ಸೆಕೆಂಡ್ ಶಿಫ್ಟ್

ಅಣ್ಣ ಹೇಳಿದ್ದು ಸರಿ, ಆದ್ರೆ ಈ ಕಾಲದಲ್ಲಿ ಡಬ್ಬಿ ಟಿವಿ ಹುಡುಕೋದು ಯಾಕೆ? 2022ರಲ್ಲಿ ಮೊದಲನೇ ಹೌಸ್ ಆಫ್ ದಿ ಡೆಡ್ ಅನ್ನು ಹೊಸದಾಗಿ ಚಿತ್ರ ಬರೆದು ನಿಂಟೆಂಡೊ ಸ್ವಿಚ್‌ಗೆ ತಂದರು. ಆಮೇಲೆ ಬೇರೆ ಕನ್ಸೋಲ್‌ಗೂ ಬಂತು. 2025ರಲ್ಲಿ ಎರಡನೇ ಭಾಗವೂ ಹಾಗೇ ಬಂದಿದೆ. ಸ್ವಿಚ್‌ನ ಎರಡು ಬದಿಗಿರೋ ಜಾಯ್‌ಕಾನ್ ಅನ್ನೋ ಕಂಟ್ರೋಲರ್ ಬಿಚ್ಚಿ ಇಬ್ಬರೂ ಒಂದೊಂದು ಹಿಡಿದರೆ ಆಯ್ತು. ಒಳಗೆ ಜೈರೋ, ಅಂದ್ರೆ ತಿರುಗಿದ್ದನ್ನು ಗುರುತಿಸೋ ಸೆನ್ಸರ್, ಇರೋದರಿಂದ ಕೈ ತಿರುಗಿಸಿದ ಕಡೆ ಗುರಿ ಓಡುತ್ತೆ.

ಅದರಲ್ಲಿ ಹೋರ್ಡ್ ಅಂತ ಒಂದು ಮೋಡ್ ಇದೆ, ಅದೇ ದಾರಿಯಲ್ಲಿ ಸತ್ತವರು ಹಿಂಡು ಹಿಂಡಾಗಿ ಮೇಲೆ ಬೀಳ್ತಾರೆ. ನಾನು ಶಿಫ್ಟ್ ಮುಗಿಸಿ ಬಂದು ರೂಮ್‌ಮೇಟ್ ಜೊತೆ ಆಡ್ತೀನಿ. ಯಾವ ವೈರ್ ಬೇಡ, ಯಾವ ಟಿವಿ ಆದ್ರೂ ನಡೆಯುತ್ತೆ.

ಪಿಕ್ಚರ್ ಟ್ಯೂಬ್ (ಬಳ್ಳಾರಿ)

ಆ ಆಟ ನಾನೂ ಆಡೀನಿ, ಚಿತ್ರ ಚಂದ ಮಾಡ್ಯಾರೆ. ಆದ್ರೆ ಜೈರೋಗೆ ಟಿವಿ ಎಲ್ಲೈತೆ ಅನ್ನೋದು ಗೊತ್ತಿಲ್ಲ. ಕೈ ಎಷ್ಟು ತಿರುಗ್ತು ಅನ್ನೋದಷ್ಟೇ ಗೊತ್ತು. ಆಡ್ತಾ ಆಡ್ತಾ ಗುರಿ ಸರೀತದೆ, ಆಗಾಗ ಬಟನ್ ಒತ್ತಿ ನಡುವಿಗೆ ತರಬೇಕು. ನೀನು ಪರದೆ ಮೇಲಿನ ಗುರುತು ನೋಡಿ ಅದನ್ನ ಎಳ್ಕೊಂಡು ಹೋಗ್ತೀಯ. ಗುರುತು ಎಳೆಯೋದು ಬೇರೆ, ಕಣ್ಣು ಬಿದ್ದಲ್ಲಿಗೆ ಕೈ ಹೋಗೋದು ಬೇರೆ. ಬಲೂನ್ ಹೊಡೆಯೋ ಹುಡುಗನಿಗೆ ಬೇಕಾಗಿರೋದು ಎರಡನೇದು.

ತೋರಣಗಲ್ಲು ಸೆಕೆಂಡ್ ಶಿಫ್ಟ್

ನಡುವಿಗೆ ತರೋ ಬಟನ್ ಎರಡು ದಿನದಲ್ಲಿ ಕೈಗೆ ರೂಢಿ ಆಗುತ್ತೆ ಅಣ್ಣ. ಗುಂಡು ತುಂಬಿಸುವಾಗಲೇ ಅದನ್ನೂ ಒತ್ತಿದರೆ ಸರಿದದ್ದು ಗೊತ್ತೇ ಆಗಲ್ಲ. ಹೊಸ ಆಟ ಅಂಗಡಿಯಲ್ಲಿ ಸಿಗುತ್ತೆ, ನಾಳೆ ಕೆಟ್ಟರೆ ಇನ್ನೊಂದು ಸಿಗುತ್ತೆ. ಹಳೇ ಸಾಮಾನಿಗೆ ಆ ಧೈರ್ಯ ಇಲ್ಲ. ಅಷ್ಟನ್ನು ಒಪ್ಪಲೇಬೇಕು.

ಸಿಂಧನೂರು ಕಾಲುವೆ

ಇಬ್ಬರ ನಡುವ ಒಂದು ದಾರಿ ಅದ ನೋಡ್ರಿ. ಹಳೇ ನಿಂಟೆಂಡೊ ವೀ ಕನ್ಸೋಲ್. ಅದಕ್ಕ 2008ರಾಗ ‘ದಿ ಹೌಸ್ ಆಫ್ ದಿ ಡೆಡ್ 2 & 3 ರಿಟರ್ನ್’ ಅಂತ ಒಂದೇ ಡಿಸ್ಕಿನಾಗ ಎರಡು ಆಟ ಬಂದಾವ. ಮರುವರ್ಷ ‘ಓವರ್‌ಕಿಲ್’ ಬಂತು, ಅದು ಬೇರೆ ಧಾಟಿ, ಬೈಗುಳ ಬಹಳ, ಮನಿ ಮಂದಿ ಮುಂದ ಹಚ್ಚೂದಲ್ಲ.

ವೀ ಯಾಕ ಅಂದ್ರ, ಅದು ಎಲ್‌ಇಡಿ ಟಿವಿಗೂ ನಡೀತದ, ಆದ್ರೂ ಜೈರೋ ಅಲ್ಲ. ರಿಮೋಟಿನ ಮೂತಿಯಾಗ ಇನ್‌ಫ್ರಾರೆಡ್, ಅಂದ್ರ ಕಣ್ಣಿಗೆ ಕಾಣದ ಬೆಳಕು, ನೋಡೂ ಕ್ಯಾಮೆರಾ ಅದ. ಟಿವಿ ಮ್ಯಾಲ ಇಡೋ ಉದ್ದನ ಪಟ್ಟಿಗೆ ಸೆನ್ಸರ್ ಬಾರ್ ಅಂತಾರ, ಖರೇ ಅಂದ್ರ ಅದರಾಗ ಸೆನ್ಸರೇ ಇಲ್ಲ. ಎರಡು ತುದಿಗೆ ಕಣ್ಣಿಗೆ ಕಾಣದ ದೀಪ ಅವ, ಅಷ್ಟ. ರಿಮೋಟು ಆ ಎರಡು ದೀಪ ನೋಡಿ ತಾನು ಎತ್ತ ಮುಖ ಮಾಡೀನಿ ಅಂತ ತಿಳ್ಕೋತದ. ಅದಕ್ಕ ಕೈ ಕೆಳಗ ಇಳಿಸಿ ಮತ್ತ ಅದೇ ಜಾಗಕ್ಕ ಎತ್ತಿದ್ರ ಗುರಿ ಅಲ್ಲೇ ಬರ್ತದ. ಸರಿಯೂದಿಲ್ಲ. ಪಿಕ್ಚರ್ ಟ್ಯೂಬ್ ಅಣ್ಣಾರು ಹೇಳಿದ ಕಣ್ಣು-ಕೈ ಹೊಂದಾಣಿಕಿಗೆ ಎಲ್‌ಇಡಿ ಮ್ಯಾಲ ಇಷ್ಟು ಕಡಿಮಿ ರೊಕ್ಕದಾಗ ಇದಕ್ಕಿಂತ ಹತ್ತಿರದ್ದು ನಾನು ಕಂಡಿಲ್ಲ.

ಇನ್ನೊಂದು ಅನುಕೂಲ: ರಿಮೋಟಿನ ಬಿ ಬಟನ್ ಅಡಿಗೆ, ತೋರುಬೆರಳು ಹೋಗೂ ಜಾಗದಾಗೇ ಅದ. ಗನ್ನಿನ ಕವಚ ಇಲ್ಲದಿದ್ರೂ ಟ್ರಿಗರ್ ಒತ್ತಿದಂಗೇ ಆಗ್ತದ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನೋಡಬೇಕಾದದ್ದು ಎರಡು. ವೀಗೆ ಪ್ರಾಂತ್ಯದ ಬೀಗ ಅದ: ಯುರೋಪಿನ ಕನ್ಸೋಲಿಗೆ ಅಮೆರಿಕದ ಡಿಸ್ಕ್ ಹಾಕಿದ್ರ ಓಡೂದಿಲ್ಲ. ಎರಡೂ ಒಂದೇ ಕಡಿದು ಇರಬೇಕು. ಅಮೆರಿಕ ಅಥವಾ ಜಪಾನ್ ಕನ್ಸೋಲ್ ಆದ್ರ ಅದರ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಹಚ್ಚಬ್ಯಾಡ್ರಿ, ಸುಟ್ಟು ಹೋಗ್ತದ. ಅಡಾಪ್ಟರ್ ಮ್ಯಾಲ ಬರೆದದ್ದು ಓದ್ರಿ. ಕನ್ಸೋಲಿಗೆ ಬೇಕಾದದ್ದು 12 ವೋಲ್ಟ್ ಡಿಸಿ, 3.7 ಆಂಪ್. ಅದಕ್ಕ ಹೊಂದೂ ಅಡಾಪ್ಟರ್ ಇಲ್ಲೇ ಸಿಗ್ತಾವ.

ತೀನ್ ಕಂದೀಲ್ (ರಾಯಚೂರು)

ನಡುವ ಬಾಯಿ ಹಾಕ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಜಾತ್ರಿಗೆ ಎಲ್ಲಾರೂ ಬರ್ತಾರ ಅಂದ್ರಿ. ಎಲ್ಲಾರು ಅಂದ್ರ ಹುಡುಗ್ರೂ ಬರ್ತಾವ. ನನ್ನ ಮಗಗ ಒಂಬತ್ತು ವರ್ಷ. ನಮ್ಮ ಮೈದುನ ಇಂಥಾದೇ ಆಟ ಹಚ್ಚಿದ್ದ, ಅವ ಬಾಜೂಕ ಕುಂತು ನೋಡಿದ. ಆಮ್ಯಾಲ ರಾತ್ರಿ ಬಚ್ಚಲಕ್ಕ ಒಬ್ಬನೇ ಹೋಗವಲ್ಲ. ಗುರಿ, ಕಿರಣ, ವೋಲ್ಟ್ ಎಲ್ಲಾ ಬರೆದೀರಿ, ರುಂಡ ಹಾರೂದರ ಬಗ್ಗೆ ಒಬ್ಬರೂ ಬರೀಲಿಲ್ಲ.

ಸಿಂಧನೂರು ಕಾಲುವೆ

ಅಕ್ಕಾರ, ನೀವು ಕೇಳಿದ್ದು ಸರಿ ಅದ. ಈ ಆಟಕ್ಕ ಅಮೆರಿಕದಾಗ ಎಂ ದರ್ಜಿ ಕೊಟ್ಟಾರ, 17 ವರ್ಷ ದಾಟಿದವರಿಗೆ ಅಂತ ಡಬ್ಬಿ ಮ್ಯಾಲೇ ಅಚ್ಚು ಹಾಕಿರ್ತಾರ. ಒಂಬತ್ತು ವರ್ಷದ ಹುಡುಗಗ ಇದು ಬ್ಯಾಡೇ ಬ್ಯಾಡ. ರಕ್ತದ ಬಣ್ಣ ಹಸಿರು ಮಾಡಿದ್ರ ಆಯ್ತು ಅಂತಾರ ಕೆಲವರು, ರೊಕ್ಕ ಹಾಕಿ ಆಡೂ ದೊಡ್ಡ ಪೆಟ್ಟಿಗಿಯ ಆರ್ಕೇಡ್ ಕಾಲದಾಗ ಹಂಗ ಬದಲಿ ಮಾಡೂ ಸೌಕರ್ಯ ಇತ್ತು. ಬಣ್ಣ ಬದಲಾದ್ರ ಅಂಜಿಕಿ ಬದಲಾಗೂದಿಲ್ರಿ. ಬಾಗಿಲ ಹಿಂದಿನಿಂದ ಒಮ್ಮಿಗೇ ಮುಖದ ಮ್ಯಾಲ ಬರ್ತಾವಲ್ಲ, ಹುಡುಗರ ತಲಿಯಾಗ ಕುಂದ್ರೂದು ಅದು.

ಹುಡುಗರಿಗೆ ಗುರಿ ಆಟ ಬೇಕಂದ್ರ ಅದೇ ವೀದಾಗ ‘ವೀ ಪ್ಲೇ’ ಅಂತ ಒಂದು ಡಿಸ್ಕ್ ಅದ. ಅದರಾಗ ಶೂಟಿಂಗ್ ರೇಂಜ್ ಅಂತ ಒಂದು ಆಟ: ಬಲೂನು, ಗುರಿ ಫಲಕ, ಬಾತುಕೋಳಿ ಹೊಡೆಯೂದು. ಇಬ್ಬರು ಕೂಡಿ ಆಡಬಹುದು. ರಕ್ತ ಇಲ್ಲ, ಏನೂ ಇಲ್ಲ. ಸಂಜಿಮುಂದ ಅದನ್ನ ಹುಡುಗರಿಗೆ ಬಿಡ್ರಿ. ಅವು ಮಲಗಿದ ಮ್ಯಾಲ ಡಿಸ್ಕ್ ಬದಲಿ ಮಾಡ್ರಿ.

ತೀನ್ ಕಂದೀಲ್ (ರಾಯಚೂರು)

ಇದು ಆಗೂ ಮಾತು. ಮೈದುನಗ ತೋರಿಸ್ತೀನಿ.

ಗವಿಮಠ ರಸ್ತೆ (ಕೊಪ್ಪಳ)

ಎಲ್ಲಾರಿಗೂ ಉಪಕಾರ ಆತ್ರಿ. ಹೊಸಪೇಟ್ಯಾಗ ನಮ್ಮ ಗೆಳೆಯಗ ಗೊತ್ತಿದ್ದವ್ರ ಕಡೆ ಯುರೋಪ್ ವೀ ಸಿಕ್ಕೈತಿ, ಡಿಸ್ಕೂ ಅದೇ ಕಡಿದು. ರಿಮೋಟ್ ಎರಡು. ಆಟ ಹಚ್ಚೀನಿ, ರಾತ್ರಿ ಭಾರಿ ಚಲೋ ನಡದೈತಿ. ಹಗಲಾಗ ಹಚ್ಚಿದ್ರ ಗುರಿ ನಡುಗ್ತೈತಿ, ಜಿಗೀತೈತಿ, ಒಮ್ಮೊಮ್ಮೆ ಮಾಯ ಆಕ್ಕೈತಿ. ಬ್ಯಾಟರಿ ಹೊಸಾವು ಹಾಕೀನಿ. ಇದ್ಯಾಕ್ರಿ?

ಪಿಕ್ಚರ್ ಟ್ಯೂಬ್ (ಬಳ್ಳಾರಿ)

ಟಿವಿ ಯಾವ ಗೋಡೆಗೈತೆ? ಬಾಜೂಕ ಕಿಟಕಿ ಐತಾ?

ಗವಿಮಠ ರಸ್ತೆ (ಕೊಪ್ಪಳ)

ಹೌದ್ರಿ ಅಣ್ಣಾರ. ಟಿವಿ ಬಾಜೂಕೇ ಕಿಟಕಿ, ಪಡುವಲ ದಿಕ್ಕಿಗೆ.

ಪಿಕ್ಚರ್ ಟ್ಯೂಬ್ (ಬಳ್ಳಾರಿ)

ಹಂಗಾದ್ರೆ ನಮ್ಮ ಕಡೆ ಬಿಸಿಲಿನ ಕೆಲಸ ಅದು. ಬಿಸಿಲಿನಾಗೂ ಇನ್‌ಫ್ರಾರೆಡ್ ಇರ್ತದೆ, ಅದೂ ರಾಶಿ ರಾಶಿ. ರಿಮೋಟಿಗೆ ಎರಡು ದೀಪದ ಜೊತೆ ಕಿಟಕಿನೂ ದೀಪದಂಗೇ ಕಾಣ್ತದೆ, ಯಾವುದನ್ನ ನಂಬಬೇಕೋ ತಿಳಿಯೋದಿಲ್ಲ. ವೀ ಸೆಟ್ಟಿಂಗಿನಾಗೆ ಸೆನ್ಸರ್ ಬಾರಿನ ಸೆನ್ಸಿಟಿವಿಟಿ ಅಂತ ಐತೆ, ಅಲ್ಲಿಗೆ ಹೋಗು. ರಿಮೋಟ್ ಏನು ನೋಡ್ತೈತೆ ಅಂತ ಪರದೆ ಮೇಲೆ ಚುಕ್ಕಿ ತೋರಿಸ್ತದೆ. ಎರಡೇ ಚುಕ್ಕಿ ಇರಬೇಕು. ಮೂರನೇದು ಬಂದ್ರೆ ಕೋಣೆಯಾಗೆ ಬೇರೆ ಬೆಳಕು ಐತೆ ಅಂತ. ಕಿಟಕಿಗೆ ದಪ್ಪ ಪರದೆ ಹಾಕು, ಸ್ಟೀಲ್ ಬೀರು ಕನ್ನಡಿಗೆ ಬಟ್ಟೆ ಹೊದಿಸು, ಅದರಾಗೂ ಬೆಳಕು ಮರಳಿ ಬರ್ತದೆ. ಚುಕ್ಕಿ ಎರಡಾಗೋತನ ಸೆನ್ಸಿಟಿವಿಟಿ ಇಳಿಸ್ತಾ ಬಾ.

ಬಾರ್ ಟಿವಿ ಮೇಲೆ ಇಟ್ಟೀಯೋ ಕೆಳಗೆ ಇಟ್ಟೀಯೋ ಅನ್ನೋದನ್ನೂ ಅಲ್ಲೇ ಹೇಳಬೇಕು. ಟಿವಿಯಿಂದ ಒಂದು ಮೀಟರಿಗಿಂತ ಹತ್ತಿರ, ಮೂರು ಮೀಟರಿಗಿಂತ ದೂರ ಕೂಡಬೇಡ್ರಿ. ಟಿವಿಯಾಗೆ ಗೇಮ್ ಮೋಡ್ ಇದ್ರೆ ಹಾಕು, ತಡ ಕಡಿಮೆ ಆಗ್ತದೆ.

ಮಸ್ಕಿ ಬೆಟ್ಟ

ನಮ್ಮನ್ಯಾಗ ಸೆನ್ಸರ್ ಬಾರಿನ ವೈರ್ ಇಲಿ ಕಡಿದಿತ್ತು. ಎರಡು ಮೇಣದಬತ್ತಿ ಒಂದು ಗೇಣು ದೂರ ಹಚ್ಚಿಟ್ಟು ಆಡೀವಿ, ನಡೀತದ. ಫ್ಯಾನ್ ಮಾತ್ರ ಬಂದ್ ಮಾಡಬೇಕಾಯ್ತು, ಏಪ್ರಿಲ್ ತಿಂಗಳು ರಾಯಚೂರು ಜಿಲ್ಲಾದಾಗ ಫ್ಯಾನ್ ಇಲ್ಲದ ಕೂಡೂದು ಅಂದ್ರ ಏನು ಅಂತ ನಿಮಗೆಲ್ಲಾ ಗೊತ್ತದ. ಟಿವಿ ಪ್ಲಾಸ್ಟಿಕ್ ಹತ್ತಿರ ಬೆಂಕಿ ಇಡಬ್ಯಾಡ್ರಿ, ಮುಂದ ಮೇಜಿನ ಮ್ಯಾಲ ಇಡ್ರಿ. ಬ್ಯಾಟರಿ ಹಾಕೂ ಬಾರೂ ಸಿಗ್ತದ, ಅದೇ ಚಲೋ.

ಗವಿಮಠ ರಸ್ತೆ (ಕೊಪ್ಪಳ)

ಪಿಕ್ಚರ್ ಟ್ಯೂಬ್ ಅಣ್ಣಾರ, ನೀವು ಹೇಳಿದಂಗ ನೋಡಿದೆ, ಮೂರನೇ ಚುಕ್ಕಿ ಕಂಡ್ತು. ಕಿಟಕಿಗೆ ಕೌದಿ ಕಟ್ಟೀನಿ. ಈಗ ಗುರಿ ನಿಂತ ಜಾಗಾ ಬಿಡವಲ್ದು!

ಇನ್ನೊಂದು ಮಾತು. ಗನ್ನಿನ ಕವಚ ಪ್ಲಾಸ್ಟಿಕ್ಕಿಂದು ಸಿಗ್ತಾವ, ಹಿಡಿದ್ರ ಗಟ್ಟಿ ಅನಸಂಗಿಲ್ಲ. ಕಿನ್ನಾಳದಾಗ ಗೊಂಬಿ ಮಾಡೋರು ನಮಗ ಗುರ್ತು ಅದಾರ. ಅವ್ರ ಕಟಿಗಿ ಭಾಳ ಹಗುರ. ಅದರಾಗ ಹಿಡಿಕಿ ಮಾಡಿಸಿ, ರಿಮೋಟ್ ಕೂಡೋ ತಗ್ಗು ಕೊರೆಸಬೇಕಂತ ಮಾಡೀನಿ. ಏನ್ ಅಂತೀರಿ?

ಸಿಂಧನೂರು ಕಾಲುವೆ

ಮಾಡಿಸ್ರಿ, ಬಹಳ ಚಲೋ ವಿಚಾರ! ಮೂತಿಯ ಕಪ್ಪು ಗಾಜು ಮುಚ್ಚಬಾರದು, ಕ್ಯಾಮೆರಾ ಅಲ್ಲೇ ಅದ. ಬಿ ಬಟನ್ನಿಗೆ ಬೆರಳು ಹೋಗೂ ಹಂಗ ಅಡಿಗೆ ತೆರಪು ಬಿಡಿಸ್ರಿ. ಬ್ಯಾಟರಿ ಬದಲಿ ಮಾಡಾಕ ರಿಮೋಟ್ ಹೊರಗ ಬರಬೇಕು, ಅಂಟು ಹಾಕಿಸಬ್ಯಾಡ್ರಿ. ಕೈಪಟ್ಟಿಗೂ ಒಂದು ತೂತು ಇರಲಿ. ಬಣ್ಣ ಕೇಸರಿನೋ ಕೆಂಪೋ ಕಣ್ಣಿಗೆ ಹೊಡೆಯೂದು ಹಚ್ಚಸ್ರಿ. ಕಟಿಗಿದು ಗನ್ ಆಕಾರ ಇದ್ದು ಕಪ್ಪು ಬಣ್ಣ ಇದ್ರ ಹುಡುಗರು ಓಣ್ಯಾಗ ಒಯ್ದಾಗ ನೋಡಿದವರು ಅಂಜತಾರ.

ಈಗ ಆಟದ ಮಾತಿಗೆ ಬರೂಣು, ಇದರಾಗ ಯಾರೂ ಅದನ್ನ ಬರೀಲಿಲ್ಲ. ಎರಡನೇ ಭಾಗ ಇಬ್ಬರು ಆಡುವಾಗ ಎಡಗಡಿದು ನಿನಗ, ಬಲಗಡಿದು ನನಗ ಅಂತ ಪರದಿ ಹಂಚ್ಕೋತಾರ ಎಲ್ಲಾರೂ. ಅದು ಬ್ಯಾಡ. ಗುಂಡು ಆರೇ. ಇಬ್ಬರದೂ ಒಮ್ಮಿಗೇ ಖಾಲಿ ಆದ್ರ ಆ ಹೊತ್ತಿಗೇ ಮ್ಯಾಲ ಬೀಳ್ತಾವ. ಒಬ್ಬ ತುಂಬಿಸುವಾಗ ಇನ್ನೊಬ್ಬಗ ಕೂಗಿ ಹೇಳಬೇಕು. ನಾವು ಇಬ್ಬರು ಅಣ್ಣತಮ್ಮಂದಿರು ‘ತುಂಬ್ಲಿ’ ಅಂತ ಕೂಗ್ತೀವಿ, ಉಳಿದಾವ ಇಡೀ ಪರದಿ ಕಾಯ್ತಾನ. ಹತ್ತಿರ ಬಂದದ್ದನ್ನ ಮೊದಲು, ಕೊಡಲಿ ಎಸಿಯೂವನ್ನ ಅದಕ್ಕೂ ಮೊದಲು. ಗಾಳ್ಯಾಗ ಬರೂ ಕೊಡಲಿಗೂ ಗುಂಡು ಹತ್ತತದ, ಅದನ್ನ ಮರೀಬ್ಯಾಡ್ರಿ.

ಮಂದಿನ್ನ ಉಳಿಸೂದರಾಗ ಆತುರ ಮಾಡಬಾರದು. ಉಳಿಸಿದ್ರ ಆಟದಾಗ ನಿಮಗ ಹೆಚ್ಚಿನ ಜೀವ ಸಿಗ್ತದ, ಒಮ್ಮೊಮ್ಮೆ ದಾರಿನೇ ಬದಲಾಗ್ತದ. ಮೊದಲನೇ ಭಾಗದಾಗ ಸೇತುವಿ ಮ್ಯಾಲ ಒಬ್ಬನ್ನ ಹಿಡಿದು ಕೆಳಗ ಒಗೆಯಾಕ ನಿಂತಿರ್ತದಲ್ಲ, ಅವನ್ನ ಉಳಿಸಿದ್ರ ಒಂದು ದಾರಿ, ಬಿಟ್ರ ಇನ್ನೊಂದು. ಅದಕ್ಕೇ ಈ ಆಟ ಮುಗಿಸಿದ ಮ್ಯಾಲೂ ಮತ್ತ ಆಡಬೇಕನಸ್ತದ, ಹಿಂದ ಕಾಣದ ಕೋಣಿ ಮತ್ತೊಮ್ಮಿ ಆಡಿದಾಗ ತೆರೀತದ.

ಎರಡನೇ ಭಾಗದ ಮೊದಲ ದೊಡ್ಡ ರಾಕ್ಷಸ ‘ಜಡ್ಜ್‌ಮೆಂಟ್’. ತಲಿ ಇಲ್ಲದ ಕವಚ, ಕೈಯಾಗ ದೊಡ್ಡ ಕೊಡಲಿ. ಅದರ ಮ್ಯಾಲ ಗುಂಡು ಸುರಿಬ್ಯಾಡ್ರಿ. ಬಾಜೂಕ ಹಾರಾಡೂ ಸಣ್ಣ ಪ್ರಾಣಿ ಅದ, ಅದೇ ಹುಕುಂ ಕೊಡೂದು. ಅದಕ್ಕ ಹೊಡೀರಿ. ಇಬ್ಬರಿದ್ರ ಇಬ್ಬರೂ ಅದಕ್ಕೇ.

ತೋರಣಗಲ್ಲು ಸೆಕೆಂಡ್ ಶಿಫ್ಟ್

ದೊಡ್ಡ ರಾಕ್ಷಸ ಬರೋ ಮೊದಲು ಒಂದು ಹಾಳೆ ತೋರಿಸುತ್ತೆ, ಅದರಲ್ಲಿ ಎಲ್ಲಿ ಹೊಡೀಬೇಕು ಅಂತ ಗುರುತು ಇರುತ್ತೆ. ಎಷ್ಟೋ ಜನ ಬಟನ್ ಒತ್ತಿ ದಾಟಿಸಿಬಿಡ್ತಾರೆ. ಓದಲೇಬೇಕು. ಈ ಭಾಗಗಳಲ್ಲಿ ದೊಡ್ಡವುಗಳ ಹೆಸರೆಲ್ಲಾ ಭವಿಷ್ಯ ಹೇಳೋ ಟ್ಯಾರೋ ಕಾರ್ಡ್‌ಗಳ ಹೆಸರೇ: ಚಾರಿಯಟ್, ಹ್ಯಾಂಗ್ಡ್‌ಮ್ಯಾನ್, ಹರ್ಮಿಟ್, ಮೆಜಿಷಿಯನ್. ಮೆಜಿಷಿಯನ್ ಎರಡನೇ ಭಾಗದಲ್ಲಿ ಮತ್ತೆ ಬರುತ್ತೆ, ಕಣ್ಣು ಮಿಟುಕಿಸೋದರಲ್ಲಿ ಜಾಗ ಬದಲಾಯಿಸುತ್ತೆ. ಬೆನ್ನಟ್ಟಿ ಹೊಡೆಯೋಕೆ ಹೋಗಬಾರದು, ಅದು ನಿಂತು ಬೆಂಕಿ ಎಸೆಯೋವರೆಗೂ ಕೈ ತಡೆದು ಕಾಯಬೇಕು.

ಮೂರನೇ ಭಾಗ 2002ರದು. ಅದರಲ್ಲಿ ಪಿಸ್ತೂಲಿನ ಬದಲು ಶಾಟ್‌ಗನ್ ಕೊಟ್ಟಿದ್ದಾರೆ, ಅದು ಸುಲಭ ಅನಿಸುತ್ತೆ. ಹೊಸಬರು ಬಂದರೆ ಮೊದಲು ಅದನ್ನೇ ಹಚ್ಚಿ.

ಗವಿಮಠ ರಸ್ತೆ (ಕೊಪ್ಪಳ)

ಬರ್ಕೊಂಡೀನ್ರಿ ಎಲ್ಲಾ. ಡ್ರೀಮ್‌ಕಾಸ್ಟೂ ಗನ್ನೂ ಮತ್ತ ಅಟ್ಟಕ್ಕ ಹಾಕಲೋ ಅಂತ ವಿಚಾರ ಮಾಡಾಕತ್ತಿದ್ದೆ.

ಪಿಕ್ಚರ್ ಟ್ಯೂಬ್ (ಬಳ್ಳಾರಿ)

ಅಟ್ಟಕ್ಕೆ ಹಾಕಬೇಡ. 1998ರಾಗೆ ಎರಡನೇ ಭಾಗ ಆರ್ಕೇಡಿಗೆ ಬಂದಾಗ ಅದು ಓಡ್ತಿದ್ದದ್ದು ಡ್ರೀಮ್‌ಕಾಸ್ಟ್ ಮಾಡಿದ ಸೆಗಾ ಕಂಪನಿಯದೇ ನವೋಮಿ ಅನ್ನೋ ಬೋರ್ಡಿನ ಮೇಲೆ. ಡ್ರೀಮ್‌ಕಾಸ್ಟಿನ ಒಳಗಿರೋದೂ ಹೆಚ್ಚುಕಡಿಮೆ ಅದೇ ಸಾಮಾನು. ದೊಡ್ಡ ಪೆಟ್ಟಿಗೆಯಾಗೆ ಇದ್ದ ಆಟ ಅಷ್ಟು ಹತ್ತಿರವಾಗಿ ಮನೆಗೆ ಬಂದದ್ದು ಅದರಾಗೇ. ನನ್ನ ಹತ್ತಿರ ಗ್ರಾಹಕರು ಬಿಟ್ಟುಹೋದ 21 ಇಂಚಿನ ಟಿವಿ ಒಂದೈತೆ, ಟ್ಯೂಬ್ ಇನ್ನೂ ಬೆಳಕು. ರೊಕ್ಕ ಬೇಡ. ಜಾತ್ರೆಗೆ ನಾನೂ ಬರ್ತೀನಿ, ಗಾಡಿ ಸಿಕ್ರೆ ಹಾಕ್ಕೊಂಡು ಬರ್ತೀನಿ. ನಿನ್ನ ನಂಬರ್ ಇಲ್ಲಿ ಹಾಕಬೇಡ, ಖಾಸಗಿ ಮೆಸೇಜ್ ಮಾಡು.

ಗವಿಮಠ ರಸ್ತೆ (ಕೊಪ್ಪಳ)

ಮಾಡೀನ್ರಿ ಅಣ್ಣಾರ. ಊಟ ನಮ್ಮನ್ಯಾಗೇ ಆಗಬೇಕು.